ಎದುರಾಳಿಯ ಕುರ್ಚಿ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆ ಸುಲಿಯುವ ಕಾಲವೆಂದರೆ ರಾತ್ರಿಗಳು ಉದ್ದವಾಗುವ ಕಾಲ. ಮೆಟ್ಟುಗತ್ತಿಯ ಮುಂದೆ ಕುಳಿತ ಪಳಗಿದ ಕೈಗೆ ಕಣ್ಣಿನ ಹಂಗು ಬಹಳವಿಲ್ಲ. ಕಿವಿಯ ಹಂಗಂತೂ ಇಲ್ಲವೇ ಇಲ್ಲ. ಹಿಂದೆ ಯಾರಾದರೂ ಭಾರತ ಓದುತ್ತಿದ್ದರು, ಇಲ್ಲವೆ ಊರಿನ ಸುದ್ದಿಯನ್ನೇ ಭಾರತದಷ್ಟು ಬೆಳೆಸಿ ಹೇಳುತ್ತಿದ್ದರು. ಆಮೇಲೆ ರೇಡಿಯೋ ಬಂತು. ಈಗ ಸುಲಿದ ಅಡಿಕೆಯ ಬುಟ್ಟಿಗೆ ಮೊಬೈಲನ್ನು ಒರಗಿಸಿಟ್ಟು, ಭೂಮಿಯ ಆ ಮಗ್ಗುಲಿನಲ್ಲಿ ಹಗಲಾಗಿರುವ ಜನ ಏನು ಆಡುತ್ತಿದ್ದಾರೆಂದು ನೋಡುತ್ತೇವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ಎರಡು ವರ್ಷದ ಹಿಂದೆ ಊರಿಗೆ ಬಂದವನು ನಮ್ಮ ಮನೆಗೆ ಅಂಟಿಸಿ ಹೋದ ಚಟವೆಂದರೆ ಒಂಬತ್ತು ಚೆಂಡಿನ ಪೂಲ್ ಆಟದ ಪಂದ್ಯಗಳನ್ನು ನೋಡುವುದು. ನಾನು ಆ ಮೇಜಿನ ಹಸಿರು ಬಟ್ಟೆಯನ್ನು ಕೈಯಿಂದ ಮುಟ್ಟಿದವನಲ್ಲ. ಆದರೆ ಕೇರಮ್ ಬೋರ್ಡಿನ ಮುಂದೆ ಅರ್ಧ ಆಯುಷ್ಯ ಕಳೆದವನಿಗೆ ಆ ಆಟದ ಒಳಹೊರಗು ಅರ್ಥವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅರಿಯದವರಿಗಾಗಿ ಎರಡು ಮಾತು. ಒಂಬತ್ತು ಅಡಿ ಉದ್ದದ ಮೇಜು, ಆರು ಪಾಕೆಟ್ಟು, ಒಂದರಿಂದ ಒಂಬತ್ತರವರೆಗೆ ಅಂಕೆ ಬರೆದ ಚೆಂಡುಗಳು, ಮತ್ತು ಕೋಲಿನಿಂದ ಹೊಡೆಯಲು ಒಂದು ಬಿಳಿಯ ಚೆಂಡು. ಮೇಜಿನ ಮೇಲೆ ಉಳಿದವುಗಳಲ್ಲಿ ಎಲ್ಲಕ್ಕಿಂತ ಕಿರಿಯ ಅಂಕೆಯ ಚೆಂಡಿಗೇ ಬಿಳಿಯದು ಮೊದಲು ತಗುಲಬೇಕು. ಒಂಬತ್ತನ್ನು ನ್ಯಾಯವಾಗಿ ಪಾಕೆಟ್ಟಿಗೆ ಕಳಿಸಿದವನಿಗೆ ಆ ಸುತ್ತು. ತಪ್ಪಿದರೆ, ಅಂದರೆ ಫೌಲಾದರೆ, ಎದುರಾಳಿ ಬಿಳಿಯ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಆಡಬಹುದು. ಹೊಡೆಯಲು ದಾರಿಯಿಲ್ಲದಾಗ ಎದುರಾಳಿಗೂ ದಾರಿಯಿಲ್ಲದಂತೆ ಬಿಳಿಯ ಚೆಂಡನ್ನು ಮರೆಗೆ ಸೇರಿಸುವ ಜಾಣತನವೂ ಉಂಟು. ಅದಕ್ಕೆ ಸೇಫ್ಟಿ ಎನ್ನುತ್ತಾರೆ. ಫಿಲಿಪೈನ್ಸಿನ ಎಫ್ರೆನ್ ರೇಯೆಸ್ ಅಂಥ ಮರೆಗಳಿಂದ ಮೂರು ಗೋಡೆ ತಾಗಿಸಿ ಹೊರಬರುತ್ತಿದ್ದ ಹಳೆಯ ಚಿತ್ರಗಳನ್ನು ನೋಡಿದರೆ, 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವಪ್ರಶಸ್ತಿ ಗೆದ್ದ ಆ ಮನುಷ್ಯನನ್ನು ಜನ ಮಾಂತ್ರಿಕನೆಂದು ಕರೆದದ್ದರಲ್ಲಿ ಅತಿಶಯವಿಲ್ಲವೆಂದು ತಿಳಿಯುತ್ತದೆ.

ಇಷ್ಟೆಲ್ಲ ಸೊಗಸಿನ ನಡುವೆ ಒಂದು ಕಂಟಕ. ಕೆಲವು ಆಟಗಾರರು ಅಸಾಧ್ಯವಾದ ನಿಧಾನಗಾರರು. ಹೋದ ಸುಗ್ಗಿಯಲ್ಲಿ ಒಂದು ರಾತ್ರಿ ನೋಡುತ್ತಿದ್ದೆವು. ಚೆಂಡು ಪಾಕೆಟ್ಟಿನ ಬಾಯಲ್ಲೇ ನಿಂತಿದೆ, ಬಿಳಿಯದು ಅದರ ನೇರಕ್ಕಿದೆ. ಆಟಗಾರ ಮೇಜನ್ನು ಒಂದು ಪ್ರದಕ್ಷಿಣೆ ಬಂದ, ಕೋಲಿನ ತುದಿಗೆ ನೀಲಿ ಚಾಕು ಉಜ್ಜಿದ, ಬಗ್ಗಿದ, ಎದ್ದ, ಬಟ್ಟೆಯ ಮೇಲಿನ ಕಾಣದ ಕಸವೊಂದನ್ನು ಬೆರಳಿನಿಂದ ತೆಗೆದ, ಮತ್ತೆ ಚಾಕು. ಒಂದು ನಿಮಿಷ ಮೀರಿತು. ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬರು ಕತ್ತಿಯಿಂದ ಕೈಯೆತ್ತದೆ, "ಇವ್ನ ಕೈಗೆ ನಮ್ಮ ಅಡಿಕೆ ಕೊಟ್ರೆ ಬರೋ ವರ್ಷದ ಕೊಯ್ಲಿಗೆ ಸುಲಿದು ಮುಗ್ಸ್ತಾನೆ ನೋಡಿ" ಎಂದರು. ಎಲ್ಲರೂ ನಕ್ಕೆವು. ಅವನು ಹೊಡೆದ. ಚೆಂಡು ಬಿತ್ತು, ಬೀಳದೆ ಎಲ್ಲಿಗೆ ಹೋದೀತು?

ಲೆಕ್ಕ ಹಾಕಿದರೆ ನಗು ಅಡಗುತ್ತದೆ. ಒಂದು ಸುತ್ತಿಗೆ ಒಂಬತ್ತು ಹೊಡೆತವೆನ್ನಿ. ಹೊಡೆತಕ್ಕೆ 20 ಸೆಕೆಂಡಾದರೆ ಸುತ್ತು ಮೂರು ನಿಮಿಷದಲ್ಲಿ ಮುಗಿಯಿತು. 50 ಸೆಕೆಂಡಾದರೆ ಏಳೂವರೆ ನಿಮಿಷ. ಇಪ್ಪತ್ತು ಸುತ್ತು ನಡೆಯುವ ಒಂದು ಪಂದ್ಯದಲ್ಲಿ ಈ ಅಂತರ ಒಂದೂವರೆ ಗಂಟೆಗೆ ಬೆಳೆಯುತ್ತದೆ. ಒಂದು ಚೆಂಡಾದರೂ ಹೆಚ್ಚು ಬಿದ್ದಿರುವುದಿಲ್ಲ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಪ್ರೇಕ್ಷಕನದು. ಅವನಿಗೆ ಬೇಸರವಾಗುತ್ತದೆ, ದೂರದರ್ಶನದವರಿಗೆ ನಷ್ಟವಾಗುತ್ತದೆ, ಆದುದರಿಂದ ಆಟ ಚುರುಕಾಗಬೇಕು ಎಂದು. ನನಗೆ ಈ ವಾದದಲ್ಲಿ ನಂಬಿಕೆ ಸಾಲದು. ಪ್ರೇಕ್ಷಕನ ಬೇಸರವನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆಂಬುದನ್ನು ನಮ್ಮ ಕಡೆಯವರು ಯಕ್ಷಗಾನದಲ್ಲಿ ಕಂಡಿದ್ದಾರೆ. ಬೆಳಗಾಗುವ ತನಕ ನಡೆಯುತ್ತಿದ್ದ ಆಟ ಈಗ ಅನೇಕ ಮೇಳಗಳಲ್ಲಿ ಕಾಲಮಿತಿಗೆ ಬಂದಿದೆ. ಧರ್ಮಸ್ಥಳದ ಮೇಳವೂ ಹಾಗೆಯೇ ಮಾಡಿತು. ಅನುಕೂಲವಿಲ್ಲವೆಂದಲ್ಲ. ಮರುದಿನ ಶಾಲೆಗೆ ಹೋಗುವ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಕಲಾವಿದರಿಗೂ ನಿದ್ದೆ ಸಿಗುತ್ತದೆ. ಆದರೆ ನಡುರಾತ್ರಿ ದಾಟಿದ ಮೇಲೆ, ಅರ್ಧ ಸಭೆ ತೂಕಡಿಸುತ್ತಿರುವಾಗ, ಭಾಗವತರು ಯಾವ ಅವಸರವೂ ಇಲ್ಲದೆ ಎತ್ತಿಕೊಳ್ಳುತ್ತಿದ್ದ ಪದ ಹೋಯಿತು. ಬೆಳಗಿನ ಜಾವದ ಚಳಿಯಲ್ಲಿ ಬಣ್ಣದ ವೇಷ ಕೊಡುತ್ತಿದ್ದ ಬೆಚ್ಚು ಹೋಯಿತು. ತಾಳಮದ್ದಳೆಯಲ್ಲಿ ಕೃಷ್ಣನ ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳಿದವರನ್ನು ನಾನು ಕೇಳಿದ್ದೇನೆ. ಅದು ನಿಧಾನವಲ್ಲ, ವಿಸ್ತಾರ. ನಿಧಾನವಾದದ್ದೆಲ್ಲ ದೋಷವೆಂದು ತೀರ್ಮಾನಿಸುವವರ ಪಂಕ್ತಿಯಲ್ಲಿ ನಾನು ಕೂರಲಾರೆ.

ಹಾಗಾದರೆ ನನ್ನ ತಕರಾರು ಎಲ್ಲಿ? ಅದು ಪ್ರೇಕ್ಷಕನ ಆಸನದಲ್ಲಿಲ್ಲ, ಎದುರಾಳಿಯ ಕುರ್ಚಿಯಲ್ಲಿದೆ.

ಪೂಲ್ ಮೇಜಿನ ಪಕ್ಕಕ್ಕೆ ಎರಡು ಕುರ್ಚಿಗಳಿರುತ್ತವೆ. ಒಬ್ಬ ಆಡುವಾಗ ಮತ್ತೊಬ್ಬ ಅಲ್ಲಿ ಕೂತಿರಬೇಕು. ಕಬಡ್ಡಿಯಲ್ಲಿ ದಾಳಿಗೆ ಬಂದವನು ತಡಮಾಡಿದರೆ ಏಳು ಜನ ಅವನ ಕಾಲನ್ನೇ ನೋಡುತ್ತ ಸುತ್ತುವರಿಯುತ್ತಾರೆ. ವಾಲಿಬಾಲಿನಲ್ಲಿ ಚೆಂಡು ಯಾರಿಗಾಗಿಯೂ ಕಾಯುವುದಿಲ್ಲ. ಚದುರಂಗದಲ್ಲಿ ಎದುರಾಳಿ ಯೋಚಿಸುವಾಗ ನಾನೂ ಯೋಚಿಸಬಹುದು. ಅವನ ಹೊತ್ತು ನನಗೂ ದಕ್ಕುತ್ತದೆ. ಈ ಕೋಲಿನಾಟಗಳಲ್ಲಿ ಮಾತ್ರ ಕೂತವನಿಗೆ ಮಾಡಲು ಏನೂ ಇಲ್ಲ. ಅವನ ಯೋಚನೆಗೆ ಬೆಲೆಯಿಲ್ಲ, ಯಾಕೆಂದರೆ ಮುಂದಿನ ಹೊಡೆತ ಅವನದೆಂಬ ಖಾತರಿಯಿಲ್ಲ. ತೋಳು ತಣ್ಣಗಾಗುತ್ತದೆ, ಕಣ್ಣಿನ ಅಳತೆ ಮಂಕಾಗುತ್ತದೆ, ಹತ್ತು ನಿಮಿಷದ ಹಿಂದೆ ಕೈಯಲ್ಲಿದ್ದ ಲಯ ಕರಗಿಹೋಗುತ್ತದೆ. ನಿಧಾನಗಾರನು ಕದಿಯುವುದು ಪ್ರೇಕ್ಷಕನ ನಿದ್ದೆಯನ್ನಲ್ಲ, ಈ ಕೂತವನ ಕೈಯನ್ನು.

ಈ ಕುರ್ಚಿಯ ಕಷ್ಟ ಹಳೆಯದು. 1907ರಲ್ಲಿ ಟಾಮ್ ರೀಸ್ ಎಂಬ ಇಂಗ್ಲಿಷ್ ಬಿಲಿಯರ್ಡ್ಸ್ ಆಟಗಾರ ಎರಡು ಚೆಂಡುಗಳನ್ನು ಮೂಲೆಯ ಪಾಕೆಟ್ಟಿನ ಬಾಯಲ್ಲಿ ಸಿಕ್ಕಿಸಿಕೊಂಡು, ಮೂರನೆಯದರಿಂದ ಅವೆರಡನ್ನೂ ಮೆಲ್ಲಗೆ ತಟ್ಟುತ್ತ ತಟ್ಟುತ್ತ, ಒಂದೇ ಬ್ರೇಕಿನಲ್ಲಿ 4,99,135 ಅಂಕಗಳನ್ನು ಕೂಡಿಸಿದ. ಇದಕ್ಕೆ ಹಿಡಿದದ್ದು ಸುಮಾರು ಐದು ವಾರ! ಆ ಐದು ವಾರ ಜೋ ಚಾಪ್‌ಮನ್ ಎಂಬ ಅವನ ಎದುರಾಳಿ ಏನು ಮಾಡಿದನೆಂದು ಯಾವ ದಾಖಲೆಯೂ ವಿಚಾರಿಸುವುದಿಲ್ಲ. ಪತ್ರಕರ್ತರೂ ಪ್ರೇಕ್ಷಕರೂ ಪೂರ್ತಿ ಕಾಲ ಹಾಜರಿರಲಿಲ್ಲವೆಂಬ ಕಾರಣಕ್ಕೆ ಆ ಬ್ರೇಕನ್ನು ಅಧಿಕೃತ ದಾಖಲೆಯಾಗಿ ಒಪ್ಪಲಿಲ್ಲವಂತೆ. ಅವರಾದರೂ ಯಾಕೆ ಹಾಜರಿದ್ದಾರು? ಆ ಹೊಡೆತವನ್ನು ಆಮೇಲೆ ನಿಷೇಧಿಸಿದರು. ಅಮೆರಿಕದಲ್ಲಿಯೂ ಹೀಗೆಯೇ: ವಿಲಿ ಮಾಸ್ಕೋನಿ 1954ರಲ್ಲಿ ಒಂದೇ ಸರದಿಯಲ್ಲಿ 526 ಚೆಂಡುಗಳನ್ನು ಹಾಕಿದ ಆ ಹಳೆಯ ಬಗೆಯ ಪೂಲ್ ಆಟ ಹಿಂದೆ ಸರಿದು, ಟೆಲಿವಿಷನ್ನಿನ ಕಾಲಕ್ಕೆ ಒಂಬತ್ತು ಚೆಂಡಿನ ಚುಟುಕಾಟ ಮುಂದೆ ಬಂತು. ಬೇಸರಕ್ಕೆ ಮದ್ದೆಂದು ಮೇಲೆ ಬಂದ ಆಟವೇ ಬೇಸರಕ್ಕೆ ಗುರಿಯಾಗಿದೆಯೆಂದರೆ, ರೋಗ ಆಟದ ಉದ್ದದಲ್ಲಿಲ್ಲ, ಆಡುವವರಲ್ಲಿದೆ.

ಸ್ನೂಕರ್ ನೋಡುವವರು 2005ರ ಪ್ರಸಂಗವನ್ನು ಮರೆಯಲಾರರು. ಶೆಫೀಲ್ಡಿನ ವಿಶ್ವ ಸ್ಪರ್ಧೆಯ ಕ್ವಾರ್ಟರ್ ಫೈನಲಿನಲ್ಲಿ ರಾನಿ ಓ'ಸಲಿವನ್ ಪೀಟರ್ ಎಬ್ಡನ್ನನ ಮೇಲೆ 8–2ರಿಂದ ಮುಂದಿದ್ದ. ಎಬ್ಡನ್ ನಿಧಾನಿಸಿದ. ಒಮ್ಮೆ ಹನ್ನೆರಡೇ ಅಂಕಗಳ ಬ್ರೇಕಿಗೆ ಐದು ನಿಮಿಷಕ್ಕೂ ಮೀರಿ ತೆಗೆದುಕೊಂಡ. ಓ'ಸಲಿವನ್ 1997ರಲ್ಲಿ ಅದೇ ಸಭಾಂಗಣದಲ್ಲಿ ಪೂರ್ಣ 147 ಅಂಕಗಳನ್ನು ಹೆಚ್ಚುಕಡಮೆ ಅಷ್ಟೇ ಹೊತ್ತಿನಲ್ಲಿ ಹೊಡೆದಿದ್ದ. ಕುರ್ಚಿಯಲ್ಲಿ ಕೂತವನು ಪ್ರೇಕ್ಷಕರೊಬ್ಬರನ್ನು ಗಂಟೆ ಎಷ್ಟೆಂದು ಕೇಳಿದ. ಕೊನೆಗೆ ಎಬ್ಡನ್ 13–11ರಿಂದ ಗೆದ್ದ. ಅವನು ಬೇಕೆಂದು ಮಾಡಿದನೆಂದು ನಾನು ಹೇಳುವುದಿಲ್ಲ. ಸೋಲಿನ ಅಂಚಿನಲ್ಲಿ ಕೈ ನಂಬದ ಮನುಷ್ಯ ತಡವರಿಸುವುದು ಸಹಜ. ಆದರೆ ತಡವರಿಕೆಗೂ ತಂತ್ರಕ್ಕೂ ಇರುವ ಗೆರೆ ಎಷ್ಟು ತೆಳುವೆಂದರೆ, ಅದನ್ನು ದಾಟಿದವನಿಗೇ ಎಷ್ಟೋ ಸಲ ದಾಟಿದ್ದು ಗೊತ್ತಾಗುವುದಿಲ್ಲ.

ಉದ್ದದ ಆಟವೂ ನಿಧಾನದ ಆಟವೂ ಒಂದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳೆಯರ ವಿಶ್ವ ಸ್ನೂಕರ್ ಫೈನಲಿನಲ್ಲಿ ಬೆಂಗಳೂರಿನ ವಿದ್ಯಾ ಪಿಳ್ಳೈ ಹಾಂಗ್‌ಕಾಂಗಿನ ಆಟಗಾರ್ತಿಗೆ 5–6ರಿಂದ ಸೋತರು. ಆ ಪಂದ್ಯದ ಒಂದೇ ಫ್ರೇಮು ಎಪ್ಪತ್ತು ನಿಮಿಷಕ್ಕೂ ಮೀರಿ ನಡೆಯಿತು. ಚೆಂಡುಗಳು ಸಿಕ್ಕುಬಿದ್ದಾಗ, ಇಬ್ಬರೂ ಒಬ್ಬರಿಗೊಬ್ಬರು ಎಡೆ ಕೊಡದೆ ಕಾದಾಡಿದಾಗ ಹಾಗಾಗುತ್ತದೆ. ಅಂಥ ಕಾದಾಟದಲ್ಲಿ ಕುರ್ಚಿಯೂ ಬಿಸಿಯಾಗಿಯೇ ಇರುತ್ತದೆ. ಕೂತವರು ಮತ್ತೆ ಮತ್ತೆ ಏಳುತ್ತಲೇ ಇರುತ್ತಾರೆ. ಅದನ್ನು ಚುರುಕುಗೊಳಿಸುತ್ತೇನೆಂದು ಹೊರಟವನು ಆಟವನ್ನು ಕೆಡಿಸುತ್ತಾನೆ.

ಇಷ್ಟು ಖಂಡಿತವಾಗಿ ಮಾತಾಡಲು ನನಗೇನು ಅಧಿಕಾರವೆಂದು ಓದುಗರು ಕೇಳಬಹುದು. ಅಧಿಕಾರ ಒಂದೇ: ನಾನೂ ಆ ನಿಧಾನಗಾರರಲ್ಲಿ ಒಬ್ಬ.

1980ರ ಸುಮಾರಿನ ಮಾತು. ಸಾಗರದಲ್ಲಿ ಒಂದು ಕೇರಮ್ ಪಂದ್ಯಾವಳಿ. ಸೆಮಿಫೈನಲಿನಲ್ಲಿ ನನಗೆ ಎದುರಾದವನು ತುಮರಿಯ ಕಡೆಯ ಹುಡುಗ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಆ ಸೀಮೆಯವರಿಗೆ ಹೊರಜಗತ್ತಿಗೆ ಬರಲು ಹಿನ್ನೀರನ್ನು ದಾಟುವ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚು ಹೊಳೆಬಾಗಿಲಿನಿಂದ ಹೊರಟಿತೆಂದರೆ, ತಡವಾಗಿ ಬಂದವನು ಆ ರಾತ್ರಿ ಈ ದಡದಲ್ಲಿಯೇ. ಹುಡುಗ ಮಿಂಚಿನಂತೆ ಆಡುತ್ತಿದ್ದ. ಸ್ಟ್ರೈಕರ್ ಇಟ್ಟನೋ ಇಲ್ಲವೋ ಕಾಯಿ ಒಳಗೆ. ಮೊದಲ ಬೋರ್ಡು ಸಲೀಸಾಗಿ ಅವನದಾಯಿತು. ಎರಡನೆಯದರಲ್ಲಿ ನಾನು ಯೋಚಿಸತೊಡಗಿದೆ. ಪೌಡರ್ ಉದುರಿಸಿದೆ, ಸವರಿದೆ; ಬೆರಳನ್ನು ಪಂಚೆಗೆ ಒರಸಿದೆ; ಬೋರ್ಡಿನ ಆ ಕಡೆಯಿಂದಲೂ ಬಗ್ಗಿ ನೋಡಿದೆ. ಅವನು ಗಡಿಯಾರ ನೋಡಿದ. ನಾನು ಅದನ್ನು ಕಂಡೆ. ಕಂಡ ಮೇಲೆ ಇನ್ನಷ್ಟು ಯೋಚಿಸಿದೆ.

ಮೂರನೆಯ ಬೋರ್ಡಿನ ನಡುವೆ ಅವನು ಎದ್ದು ನಿಂತು, "ಹೊತ್ತಾಯ್ತು ಮಾರಾಯ್ರೆ, ಲಾಂಚು ತಪ್ಪತ್ತೆ. ನೀವೇ ಗೆದ್ದಿರಿ ಅಂತ ಬರ್ಕೊಳ್ಳಿ" ಎಂದ. ಮಾತಿನಲ್ಲಿ ಕೋಪವಿರಲಿಲ್ಲ, ಅದೇ ಇವತ್ತಿಗೂ ಚುಚ್ಚುವುದು. ನನ್ನ ಕೈಕುಲುಕಿ, ಅಂಗಿಯ ತೋಳು ಇಳಿಸಿಕೊಂಡು ಬಸ್ಸಿಗೆ ಓಡಿದ. ಫೈನಲಿನಲ್ಲಿ ನಾನು ಸೋತೆ. ಎರಡನೆಯ ಬಹುಮಾನವೆಂದು ಕೊಟ್ಟ ಸ್ಟೀಲಿನ ಲೋಟ ಬಹಳ ಕಾಲ ಮನೆಯಲ್ಲಿತ್ತು. ಅದರಲ್ಲಿ ನೀರು ಕುಡಿದ ನೆನಪು ನನಗಿಲ್ಲ. 2025ರ ಜುಲೈಯಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ನಾನೂ ಒಮ್ಮೆ ಅದರ ಮೇಲೆ ಸಿಗಂದೂರಿಗೆ ಹೋಗಿಬಂದೆ. ನಾಲ್ಕೈದು ನಿಮಿಷದಲ್ಲಿ ಆ ದಡ. ಈಗಿನ ಹುಡುಗನಾಗಿದ್ದರೆ ನನ್ನ ಯೋಚನೆಯನ್ನೆಲ್ಲ ಕೊನೆಯವರೆಗೆ ಕೂತು ನೋಡಿ, ಸೋಲಿಸಿಯೇ ಹೋಗುತ್ತಿದ್ದ.

ನಾನು ಅಂದು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆ ಪಂದ್ಯಾವಳಿಯಲ್ಲಿ ಹೊಡೆತಕ್ಕೆ ಇಷ್ಟು ಹೊತ್ತೆಂದು ಯಾರೂ ಹೇಳಿರಲಿಲ್ಲ. ಪೂಲ್ ಲೋಕದ ಸ್ಥಿತಿ ಇಂದಿಗೂ ಬಹುಮಟ್ಟಿಗೆ ಇದೇ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ, ಆಟ ನಿಧಾನವಾಯಿತೆಂದು ರೆಫರಿಗೆ ತೋರಿದರೆ ಎಚ್ಚರಿಸಬಹುದು, ಆಮೇಲೆ ಶಾಟ್ ಕ್ಲಾಕ್ ಹೇರಬಹುದು. ಅದು ಇಬ್ಬರಿಗೂ ಅನ್ವಯಿಸುತ್ತದೆ. ಅಂದರೆ ಒಬ್ಬ ತಡಮಾಡಿದ್ದಕ್ಕೆ ತಡಮಾಡದವನ ತಲೆಯ ಮೇಲೂ ಗಡಿಯಾರ! ಮಾಸ್ಕೋನಿ ಕಪ್ಪಿನಂಥ ದೊಡ್ಡ ಸ್ಪರ್ಧೆಗಳಲ್ಲಿ ಮೊದಲಿನಿಂದಲೇ ಹೊಡೆತಕ್ಕೆ 30 ಸೆಕೆಂಡಿನ ಮಿತಿಯಿಟ್ಟು, ಸುತ್ತಿಗೊಮ್ಮೆ ಹೆಚ್ಚು ಹೊತ್ತು ಕೇಳಲು ಅವಕಾಶ ಕೊಡುತ್ತಾರೆ. ಇದು ಎಷ್ಟೋ ಮೇಲು. ಆದರೂ ಇದರಲ್ಲಿ ಎರಡು ಕೊರತೆ ಕಾಣುತ್ತೇನೆ. ಸುಲಭದ ಹೊಡೆತಕ್ಕೂ ಪ್ರತಿಸಲ 29 ಸೆಕೆಂಡು ತೆಗೆದುಕೊಳ್ಳುವವನನ್ನು ಇದು ಮುಟ್ಟುವುದಿಲ್ಲ. ಹತ್ತು ಹೊಡೆತ ಚಕಚಕನೆ ಆಡಿ, ಒಂದು ಕಠಿಣ ಸೇಫ್ಟಿಗೆ ಮಾತ್ರ ಒಂದು ನಿಮಿಷ ಬೇಡುವವನನ್ನು ಬಿಗಿಯುತ್ತದೆ. ಎರಡನೆಯದು, ಗಡಿಯಾರ ಹಿಡಿಯಲು ಮೇಜಿಗೊಬ್ಬ ಅಧಿಕಾರಿ ಬೇಕು. ನೂರಾರು ಜನ ಹತ್ತಾರು ಮೇಜುಗಳಲ್ಲಿ ಏಕಕಾಲಕ್ಕೆ ಆಡುವ ಮುಕ್ತ ಸ್ಪರ್ಧೆಗಳಲ್ಲಿ ಅದು ಆಗುವ ಮಾತಲ್ಲ. ಕ್ಯಾಮರಾ ಇರುವ ಮೇಜಿಗೆ ಗಡಿಯಾರ, ಮೂಲೆಯ ಮೇಜಿಗೆ ಆಟಗಾರರ ಸೌಜನ್ಯ. ನನ್ನ ಸೌಜನ್ಯ ಎಂಥದ್ದೆಂದು ಈಗಾಗಲೇ ಹೇಳಿದ್ದೇನೆ.

ಒಟ್ಟು ಪಂದ್ಯಕ್ಕೇ ಕಾಲ ನಿಗದಿ ಮಾಡಿದರೆ? ಬಿಲಿಯರ್ಡ್ಸಿನಲ್ಲಿ ಅದೂ ಉಂಟು. ಬೆಂಗಳೂರಿನಲ್ಲಿ ಅರವಿಂದ ಸವೂರರ ಕೈಕೆಳಗೆ ಪಳಗಿದ ಪಂಕಜ್ ಅಡ್ವಾಣಿಯವರು 2008ರಲ್ಲಿ ಬೆಂಗಳೂರಿನಲ್ಲಿಯೇ ಅಂಕಗಳ ವಿಶ್ವಪ್ರಶಸ್ತಿಯನ್ನೂ ಕಾಲಮಿತಿಯ ವಿಶ್ವಪ್ರಶಸ್ತಿಯನ್ನೂ ಒಟ್ಟಿಗೆ ಗೆದ್ದರು. ಅವರಂಥವರ ಕೈಯಲ್ಲಿ ಯಾವ ಪದ್ಧತಿಯಾದರೂ ಶೋಭಿಸುತ್ತದೆ. ಆದರೆ ಇಬ್ಬರಿಗೂ ಸೇರಿದ ಒಂದೇ ಗಡಿಯಾರವಿದ್ದಲ್ಲಿ, ಮುಂದಿರುವವನು ಹೊತ್ತನ್ನು ಸುಡುತ್ತ ಕೂರುವ ಆಸೆ ಎಂದಿಗೂ ಇದ್ದೇ ಇರುತ್ತದೆ.

ಬೇಕಾದದ್ದು ಒಬ್ಬೊಬ್ಬನಿಗೆ ಅವನದೇ ಗಡಿಯಾರ. ಚದುರಂಗದವರು ಇದನ್ನು ಎಂದೋ ಕಂಡುಕೊಂಡರು. 1857ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಮಾರ್ಫಿಯ ಎದುರು ಲೂಯಿ ಪೌಲ್ಸನ್ ಆಡಿದ ಒಂದು ಆಟ ಹದಿನೈದು ಗಂಟೆ ನಡೆಯಿತು. ಅದರಲ್ಲಿ ಹನ್ನೊಂದು ಗಂಟೆ ಪೌಲ್ಸನ್ ಒಬ್ಬನದೇ ಎನ್ನುತ್ತಾರೆ. 1861ರ ಹೊತ್ತಿಗೆ ಮರಳುಗಡಿಯಾರ ಬಂತು, 1883ರ ಲಂಡನ್ ಸ್ಪರ್ಧೆಗೆ ಎರಡು ಮುಖದ ಗಡಿಯಾರ ಬಂತು. ಅದರಿಂದ ಚದುರಂಗದ ಆಳವೇನೂ ಬತ್ತಲಿಲ್ಲ. ಶಿವಮೊಗ್ಗದ ಸ್ಟ್ಯಾನಿಯವರು ಗ್ರ್ಯಾಂಡ್‌ಮಾಸ್ಟರ್ ಆದದ್ದು ಆ ಗಡಿಯಾರದ ಟಿಕ್‌ಟಿಕ್ ಪಕ್ಕದಲ್ಲಿಯೇ. ಹಗುರ ನಡೆಗೆ ಕ್ಷಣ, ಗಹನ ನಡೆಗೆ ಕಾಲು ಗಂಟೆ. ಹಂಚಿಕೆ ಆಡುವವನ ವಿವೇಕಕ್ಕೆ ಬಿಟ್ಟದ್ದು.

ಪೂಲಿಗೂ ಹಾಗೆಯೇ ಮಾಡಬಹುದು. ಮೊದಲು ಹನ್ನೊಂದು ಸುತ್ತು ಗೆದ್ದವನಿಗೆ ಪಂದ್ಯವೆನ್ನಿ. ಇಪ್ಪತ್ತೊಂದನೆಯ ಸುತ್ತಿನವರೆಗೆ ಎಳೆದರೂ ಒಬ್ಬೊಬ್ಬನ ಪಾಲಿಗೆ ಸುಮಾರು ನೂರು ಹೊಡೆತ. ತಲಾ 45 ನಿಮಿಷ ಕೊಟ್ಟರೆ ಹೊಡೆತಕ್ಕೆ ಸರಾಸರಿ 27 ಸೆಕೆಂಡು ಬಿತ್ತು; ಇದೇನು ಜಿಪುಣತನವಲ್ಲ. ತನ್ನ ಸರದಿ ಮುಗಿದೊಡನೆ ಆಟಗಾರನೇ ಗುಂಡಿ ಒತ್ತುತ್ತಾನೆ, ಅಧಿಕಾರಿ ಬೇಡ. ಚೆಂಡು ಜೋಡಿಸಿ ಒಡೆಯುವವನ ಜೋಡಣೆಯ ಹೊತ್ತೂ ಅವನ ಖಾತೆಗೇ ಬೀಳಬೇಕು. ಆ ತ್ರಿಕೋನದ ಸುತ್ತ ನಡೆಯುವ ಪೂಜೆಯನ್ನು ನೋಡಿದವರಿಗೆ ಈ ಷರತ್ತಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಹೊತ್ತು ತೀರಿದವನು ಪಂದ್ಯವನ್ನೇ ಕಳೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆಮೇಲಿನ ಹೊಡೆತಗಳಿಗೆ ಹದಿನೈದು ಸೆಕೆಂಡಿನ ಕಟ್ಟು ಸಾಕು.

ಹೀಗೆ ಮಾಡಿದರೆ ಆಟದ ಸ್ವಭಾವ ಕೆಡುತ್ತದೆಂಬ ಭಯ ಇದ್ದವರಿಗೆ ನಮ್ಮ ಹೊನಲು ಬೆಳಕಿನ ಪಂದ್ಯಗಳನ್ನು ತೋರಿಸುತ್ತೇನೆ. 1998ರಲ್ಲಿ ವಾಲಿಬಾಲಿನವರು ಪ್ರತಿ ರ್ಯಾಲಿಗೂ ಅಂಕವೆಂದು ತೀರ್ಮಾನಿಸಿದಾಗ, ಸರ್ವಿಸ್ ಬದಲಾಗುತ್ತಲೇ ಅಂಕ ಮಾತ್ರ ಏರದ ಆ ಹಳೆಯ ಜಗ್ಗಾಟವೇ ನಿಜವಾದ ವಾಲಿಬಾಲ್ ಎಂದು ಹಟ ಹಿಡಿದವರಲ್ಲಿ ನಾನೂ ಇದ್ದೆ. ಕಬಡ್ಡಿಯ ದಾಳಿಗೆ ಮೂವತ್ತು ಸೆಕೆಂಡೆಂದಾಗ ಉಸಿರಿನ ಆಟವನ್ನು ಗಡಿಯಾರಕ್ಕೆ ಮಾರಿದರೆಂದು ಗೊಣಗಿದವರಲ್ಲಿಯೂ ಇದ್ದೆ. ತೀರ್ಥಹಳ್ಳಿಯ ಕಡೆ ಈಗಲೂ ಅಂಥ ಪಂದ್ಯಗಳಿಗೆ ಹೋಗಿ ಚಳಿಯಲ್ಲಿ ನಿಂತು ನೋಡುತ್ತೇನೆ. ಕೆಟ್ಟದ್ದೇನನ್ನೂ ಕಂಡಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಊರಿನ ಕೇರಮ್ ಬೋರ್ಡಿನ ಪಕ್ಕಕ್ಕೆ, ತಮ್ಮನ ಮಗನಿಗೆ ಹೇಳಿ ತರಿಸಿದ ಚದುರಂಗದ ಗಡಿಯಾರವನ್ನು ಇಟ್ಟೆವು. ಒಂದು ಆಟಕ್ಕೆ ತಲಾ ಹತ್ತು ನಿಮಿಷ. ಮೊದಲ ವಾರ ಗುಂಡಿ ಒತ್ತಲು ಎಲ್ಲರೂ ಮರೆಯುತ್ತಿದ್ದರು, ಜಗಳವೂ ಆಯಿತು. ಎರಡನೆಯ ವಾರಕ್ಕೆ ರೂಢಿಯಾಯಿತು. ಹುಡುಗರಲ್ಲಿ ಯಾರಿಗೂ ಇನ್ನೂ ಹೊತ್ತು ತೀರಿಲ್ಲ. ನನಗೆ ಮೂರು ಸಲ ತೀರಿದೆ.